ನೀರು ಕುಡಿದ ಗಾಡಿ

ನಮ್ಮ ಸ್ಟಾಫ್ ರೂಮಿನಲ್ಲಿ ಯಾರಾದರೂ ಹಳೇ ಕಾರು ಕೊಳ್ಳುವ ಮಾತೆತ್ತಿದರೆ ಈಗ ಎಲ್ಲರೂ ನನ್ನ ಕಡೆ ತಿರುಗುತ್ತಾರೆ. ನಾನು ಲೆಕ್ಕದ ಮೇಡಂ. ತಿ. ನರಸೀಪುರದ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷದಿಂದ ಸೀಮೆಸುಣ್ಣ ಸವೆಸುತ್ತಿದ್ದೇನೆ. ಇವರಿಗೆ ಕಾರಿನ ವಿಚಾರ ಏನು ಗೊತ್ತು ಅಂತ ಹೊಸಬರು ಹುಬ್ಬೇರಿಸಿದರೆ ಹಳಬರು, "ಕೇಳಿ ಕೇಳಿ, ಅವರು ಮೋಸ ಹೋಗಿ ಕಲಿತವರು" ಅನ್ನುತ್ತಾರೆ. ಮೋಸ ಹೋದದ್ದು ನಿಜ. ಆದರೆ ಅದು ಅರ್ಧ ಕಥೆ. ಇನ್ನರ್ಧವನ್ನು ನಾನು ಸ್ಟಾಫ್ ರೂಮಿನಲ್ಲಿ ಯಾವತ್ತೂ ಹೇಳಿಲ್ಲ.

ಮನೆ ಇರುವುದು ನಂಜನಗೂಡಿನಲ್ಲಿ, ಕೆಲಸ ನರಸೀಪುರದಲ್ಲಿ. ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ನಡೆದು, ಬಸ್ಸಿಗೆ ಕಾದು, ಕಂಬಿ ಹಿಡಿದು ನಿಂತೇ ಹೋಗಿ, ಅಲ್ಲಿಂದ ಮತ್ತೆ ಸ್ಕೂಲಿಗೆ ನಡೆಯಬೇಕು. ಐವತ್ತು ದಾಟಿದ ಮೇಲೆ ಮಂಡಿ ಇದಕ್ಕೆ ಒಪ್ಪಲಿಲ್ಲ. ಮೆಟ್ಟಿಲು ಹತ್ತುವಾಗ ಕಣ್ಣಲ್ಲಿ ನೀರು ಬರುತ್ತಿತ್ತು. ಸರಿ, ಆ ವಯಸ್ಸಿನಲ್ಲಿ ಡ್ರೈವಿಂಗ್ ಸ್ಕೂಲಿಗೆ ಸೇರಿ, ಹದಿನೆಂಟರ ಹುಡುಗರ ಜೊತೆ ಎಂಟು ಹಾಕಿ, ಲೈಸೆನ್ಸ್ ತಗೊಂಡೆ. ಹೊಸ ಕಾರು ನಮ್ಮ ಕೈಗೆ ಎಟುಕುವಂಥದ್ದಲ್ಲ. ಹಳೆಯದೇ ಆಗಬೇಕು.

ನನ್ನ ಗಂಡ ದೇವನೂರಿನ ಕಡೆಯವರು, ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಅವರ ಚಿಕ್ಕಪ್ಪನ ಮಗನೊಬ್ಬ ಮೈಸೂರಿನಲ್ಲಿ ಹಳೇ ಗಾಡಿಗಳ ದಲ್ಲಾಳಿ. ಅವನೇ ಒಂದು ಬಿಳಿ ಕಾರು ತಂದು ಬಾಗಿಲಿಗೆ ನಿಲ್ಲಿಸಿದ. "ಅತ್ಗೆ, ನಿಮ್ಗೇ ಅಂತ ಮಡಗಿವ್ನಿ. ಲೇಡಿ ಡಾಕ್ಟರ್ ಓಡಿಸ್ತಿದ್ದ ಗಾಡಿ" ಅಂದ. ಮಾರಾಟಕ್ಕೆ ಬರುವ ಹಳೇ ಕಾರುಗಳನ್ನೆಲ್ಲ ಡಾಕ್ಟರುಗಳೇ ಓಡಿಸಿದ್ದರೆ ನಮ್ಮ ಊರುಗಳ ಆಸ್ಪತ್ರೆಯಲ್ಲಿ ಡಾಕ್ಟರುಗಳು ಯಾಕೆ ಸಿಗೋದಿಲ್ಲ ಅಂತ ಆಗ ನನಗೆ ಹೊಳೆಯಲಿಲ್ಲ. ಆರ್.ಸಿ.ಯಲ್ಲಿ ಅದು ಮೂರನೇ ಕೈ. ಸರ್ವಿಸ್ ಪುಸ್ತಕ ಎಲ್ಲಿ ಅಂದರೆ ಕಳೆದುಹೋಗಿದೆ. ಹಿಂದಿನವರು ಯಾರು ಅಂದರೆ ಯಾವುದೋ ದೂರದ ಊರಿನವರು. ಇಷ್ಟೇ ಅದರ ಚರಿತ್ರೆ.

ನಾನು ಸುಮ್ಮನೆ ಬಗ್ಗಿ ಕಾಲ ಬಳಿಯ ಮ್ಯಾಟು ಎತ್ತಲು ಹೋದೆ. ನನ್ನ ಗಂಡ ಕಣ್ಣಲ್ಲೇ ಗದರಿದರು. "ಏ, ಬುಡು. ಅವನೇನ್ ಹೊರಗಿನೋನಾ?" ನಮ್ಮ ಕಡೆ ನೆಂಟರ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುವವರಿಲ್ಲ. ನೋಡಿದರೆ ಎತ್ತಿಗಲ್ಲ, ನೆಂಟನಿಗೆ ಅವಮಾನ. ನಾನು ಕೈ ಬಿಟ್ಟೆ. ಮನುಷ್ಯನನ್ನು ನೋಡಿದೆವು, ಗಾಡಿಯನ್ನು ನೋಡಲಿಲ್ಲ.

ಮೂರು ತಿಂಗಳು ಚೆನ್ನಾಗಿತ್ತು. ಗದ್ದೆಗಳ ನಡುವಿನ ಆ ರಸ್ತೆಯಲ್ಲಿ ಒಬ್ಬಳೇ ಗಾಡಿ ಓಡಿಸಿಕೊಂಡು ಹೋಗುವಾಗ ಎಷ್ಟು ಸುಖ ಪಟ್ಟೆ ಅಂತ ಹೇಳಿದರೆ ನಗುತ್ತೀರಿ. ಆಮೇಲೆ ಮಳೆಗಾಲ ಬಂತು. ಮಳೆ ನಿಂತು ಬಿಸಿಲು ಚುರುಗುಟ್ಟುವಾಗಲೂ ವೈಪರ್ ತಾನಾಗಿ ಆಡತೊಡಗಿತು. ಒಂದು ದಿನ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಹಾರ್ನು ತಾನೇ ಹೊಡೆದುಕೊಳ್ಳಲು ಶುರುಮಾಡಿ, ಮಕ್ಕಳೆಲ್ಲ ಹೋ ಅಂತ ನಕ್ಕು, ಹೆಡ್ ಮಾಸ್ಟರು ನನ್ನನ್ನು ನೋಡಿದ ನೋಟಕ್ಕೆ ಭೂಮಿ ಬಾಯಿಬಿಡಬಾರದಾ ಅನ್ನಿಸಿತು. ಒಳಗೆಲ್ಲ ಒದ್ದೆ ಗೋಣಿಚೀಲದ ವಾಸನೆ.

ನರಸೀಪುರದಲ್ಲಿ ಒಬ್ಬ ವಯಸ್ಸಾದ ಮೆಕ್ಯಾನಿಕ್ ಇದ್ದಾರೆ. ಅವರ ಹತ್ತಿರ ತಗೊಂಡು ಹೋದೆ. ಅವರು ಬಾನೆಟ್ ಎತ್ತಲೇ ಇಲ್ಲ. ಮುಂದಿನ ಸೀಟಿನಲ್ಲಿ ಕೂತು ಸೀಟ್ ಬೆಲ್ಟನ್ನು ಎಳೆದರು. ನಾವು ಹಾಕಿಕೊಳ್ಳುವಷ್ಟಲ್ಲ, ಇನ್ನು ಬರುವುದಿಲ್ಲ ಅನ್ನುವ ತನಕ ಪೂರ್ತಿ ಎಳೆದರು. ಯಾರೂ ನೋಡದ ಆ ಕೊನೆಯ ಭಾಗದಲ್ಲಿ ಅಡ್ಡಕ್ಕೆ ಒಂದು ಕಂದು ಗೆರೆ. ಗೆರೆಯಿಂದ ಆಚೆಗೆ ಬೆಲ್ಟು ಮಣ್ಣು ಬಣ್ಣ. ಆಮೇಲೆ ಸೀಟು ಹಿಂದೆ ಸರಿಸಿ ಕೆಳಗಿನ ಕಂಬಿ ತೋರಿಸಿದರು, ತುಕ್ಕು ಹಿಡಿದು ಪದರ ಏಳುತ್ತಿತ್ತು. ಹಿಂದೆ ಹೋಗಿ ಸ್ಟೆಪ್ನಿ ಎತ್ತಿ, ಅದರ ಗುಂಡಿಯ ಮೂಲೆಗೆ ಬೆರಳು ಹಾಕಿ ತೆಗೆದರು. ಬೆರಳ ತುದಿಯಲ್ಲಿ ನುಣ್ಣನೆಯ ಒಣಗಿದ ಮಣ್ಣು.

"ಕತ್ತುಮಟ್ಟ ನೀರ್ ಕುಡ್ದದೆ ಕಣಮ್ಮ ಈ ಗಾಡಿ. ಎಲ್ಲೋ ದೊಡ್ಡೂರಲ್ಲಿ ಮಳೆನೀರಲ್ಲಿ ಮುಳುಗಿತ್ತು. ತೊಳ್ದು, ಪಾಲಿಶ್ ಹೊಡ್ದು ಇಲ್ಲಿಗೆ ತಳ್ಳವ್ರೆ."

ನನ್ನ ಮೈಯೆಲ್ಲ ಉರಿದುಹೋಯಿತು. ಅವರು ಇನ್ನೂ ಮುಗಿಸಿರಲಿಲ್ಲ. ಬೀಗದ ಕೈ ಅರ್ಧ ತಿರುಗಿಸಿ, ಮೀಟರಿನ ಬತ್ತಿಗಳನ್ನು ಒಂದೊಂದಾಗಿ ತೋರಿಸಿದರು. ಏರ್‌ಬ್ಯಾಗಿನ ಬತ್ತಿ ಕೀಲಿ ತಿರುಗಿಸಿದ ತಕ್ಷಣ ಹತ್ತಬೇಕು, ಸ್ವಲ್ಪ ಹೊತ್ತಿಗೆ ಆರಬೇಕು. ಆರದಿದ್ದರೆ ಕೆಟ್ಟಿದೆ ಅಂತ. ಹತ್ತದೇ ಇದ್ದರೆ ಯಾರೋ ಮುಚ್ಚಿಟ್ಟಿದ್ದಾರೆ ಅಂತ. ನಮ್ಮದು ಹತ್ತಲೇ ಇಲ್ಲ. ಮೀಟರ್ ಬಿಚ್ಚಿ ನೋಡಿದರೆ ಬತ್ತಿಯ ಮೇಲೆ ಕರೀ ಟೇಪು.

"ಗುದ್ದುದ್ರೆ ಈ ಚೀಲ ಉಬ್ಬಕಿಲ್ಲ ಕಣಮ್ಮ. ಬ್ರೇಕ್ ವೈರೂ ಅಂಗೇ, ಇವತ್ತು ಕೆಲ್ಸ ಮಾಡ್ತದೆ, ನಾಳೆ ಹೇಳಕ್ಕಾಗಕಿಲ್ಲ. ಎಲ್ಲಾ ಬದ್ಲಾಯಿಸಕ್ಕೆ ಹೋದ್ರೆ ಗಾಡಿಗಿಂತ ಅದೇ ಜಾಸ್ತಿ ಆಯ್ತದೆ. ಇಷ್ಟು ದಿನ ಅದೆಂಗೆ ಓಡ್ಸುದ್ರಿ?"

ದಲ್ಲಾಳಿ ಮೈದುನನಿಗೆ ಫೋನ್ ಮಾಡಿದರೆ, "ನಂಗೂ ಅಂಗೇ ಬಂತು ಅತ್ಗೆ, ನಂಗೇನ್ ಗೊತ್ತು" ಅಂದ. ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟ. ನನ್ನ ಗಂಡ ಮೂರನೇ ದಿನ ಊಟಕ್ಕೆ ಕೂತಾಗ, "ನಮಗೆ ಹೆಂಗೆ ಬಂತೋ ಹಂಗೇ ಮಾರಿಬಿಡಾಣ" ಅಂದರು. ನಾನು ಅನ್ನದ ಕೈಯಲ್ಲೇ ಜಗಳವಾಡಿದೆ. ನಾಚಿಕೆ ಆಗಲ್ವಾ ಅಂದೆ. ಇನ್ನೇನೇನೋ ಅಂದೆ. ಆದರೆ ಮಾರನೇ ವಾರ ಬಸ್ಸಿನಲ್ಲಿ ನಿಂತು ಹೋಗಿ ಬಂದು, ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಾ ಕೂತಿದ್ದಾಗ ನನ್ನ ಸಿಟ್ಟು ನನಗೇ ಭಾರವಾಯಿತು. ಭಾನುವಾರ ಗಾಡಿ ತೊಳೆದು, ಬಿಸಿಲಿಗೆ ನಿಲ್ಲಿಸಿ, ನಾಲ್ಕು ಕಡೆಯಿಂದ ಫೋಟೊ ತೆಗೆದು ಮೊಬೈಲಿನಲ್ಲಿ ಜಾಹೀರಾತು ಹಾಕಿದವಳು ನಾನೇ. ನಂಬರೂ ನನ್ನದೇ. ಆ ಕರೀ ಟೇಪನ್ನು ನಾವು ಕೀಳಿಸಲಿಲ್ಲ.

ಮುಂದಿನ ಭಾನುವಾರ ಒಂದು ಜೋಡಿ ಬಂತು. ಗುರುತು ಪರಿಚಯ ಇಲ್ಲದವರು. ಹುಡುಗ ನಂಜನಗೂಡಿನ ಕಾರ್ಖಾನೆಯೊಂದಕ್ಕೆ ಹೊಸದಾಗಿ ಬಂದವನು. ಹೆಂಡತಿಯ ಕಂಕುಳಲ್ಲಿ ಏಳೆಂಟು ತಿಂಗಳ ಕೂಸು. ಸ್ಕೂಟರಿನಲ್ಲಿ ಮಗು ಕರೆದುಕೊಂಡು ಓಡಾಡುವುದಕ್ಕೆ ಭಯ ಆಗುತ್ತದೆ, ಅದಕ್ಕೇ ಕಾರು ಅಂದಳು.

ಹುಡುಗ ದಡ್ಡನಲ್ಲ. ಮೊಬೈಲಿನಲ್ಲಿ ಪಟ್ಟಿ ಮಾಡಿಕೊಂಡು ಬಂದಿದ್ದ. ಚಾಸಿ ನಂಬರನ್ನು ಆರ್.ಸಿ.ಯ ಜೊತೆ ಒಂದೊಂದೇ ಅಕ್ಷರ ತಾಳೆ ನೋಡಿದ. ಕಿಟಕಿ ಗಾಜುಗಳ ಮೂಲೆಯಲ್ಲಿನ ಇಸವಿ ಎಲ್ಲಾ ಒಂದೇನಾ ಅಂತ ನೋಡಿದ. ಒಂದು ಗಾಜು ಮಾತ್ರ ಹೊಸದಿದ್ದರೆ ಆ ಕಡೆ ಪೆಟ್ಟು ಬಿದ್ದಿದೆ ಅಂತ ಲೆಕ್ಕ. ಟೈರುಗಳು ಎರಡೂ ಅಂಚಿಗೆ ಸಮನಾಗಿ ಸವೆದಿವೆಯೇ ಅಂತ ಕೈಯಾಡಿಸಿದ. ಮೀಟರ್ ಕಡಿಮೆ ತೋರಿಸುತ್ತಿದೆ, ಪೆಡಲಿನ ರಬ್ಬರು ಯಾಕೆ ಇಷ್ಟು ಸವೆದಿದೆ ಅಂತಲೂ ಕೇಳಿದ. ಕೊನೆಗೆ ಬಾನೆಟ್ ಮುಟ್ಟಿ, "ಆಗಲೇ ಸ್ಟಾರ್ಟ್ ಮಾಡಿದ್ರಾ ಸರ್? ಬಿಸಿ ಇದೆ" ಅಂದ. ತಣ್ಣಗಿರುವ ಗಾಡಿಯನ್ನೇ ಸ್ಟಾರ್ಟ್ ಮಾಡಿ ನೋಡಬೇಕು, ಬಿಸಿಯಾದರೆ ಇಂಜಿನ್ನಿನ ದೋಷ ಅಡಗುತ್ತದೆ ಅಂತ ಅವನ ಪಟ್ಟಿಯಲ್ಲಿತ್ತು. ಅವರು ಬರುವ ಅರ್ಧ ಗಂಟೆ ಮೊದಲೇ ನನ್ನ ಗಂಡ ಇಂಜಿನ್ ಓಡಿಸಿ, ಚೆನ್ನಾಗಿ ಬಿಸಿಯಾದ ಮೇಲೆ ಆರಿಸಿಟ್ಟಿದ್ದರು.

"ಈಗ ತಾನೆ ಹಾಲಿಗೆ ಹೋಗ್ಬಂದೆ" ಅಂದರು. ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದ್ದೇನೆ, ಅವರು ಅಷ್ಟು ಸಲೀಸಾಗಿ ಸುಳ್ಳು ಹೇಳಿದ್ದನ್ನು ನಾನು ನೋಡಿರಲಿಲ್ಲ.

ಆ ಹುಡುಗಿ ಕೂಸನ್ನು ಎತ್ತಿಕೊಂಡು ಮುಂದಿನ ಸೀಟಿನಲ್ಲಿ ಕೂತಳು. ಕೂಸು ಎದುರಿನ ಡ್ಯಾಶ್‌ಬೋರ್ಡನ್ನು ಪುಟ್ಟ ಕೈಯಿಂದ ತಟ್ಟಿ ನಗುತ್ತಿತ್ತು. ಹುಡುಗಿ ಬೆಲ್ಟ್ ಹಿಡಿದು ಎಳೆದಳು. ನಾನು ಅವಳ ಕೈಯನ್ನೇ ನೋಡುತ್ತಾ ನಿಂತೆ. ಹಾಕಿಕೊಳ್ಳುವಷ್ಟು ಎಳೆದು ಕ್ಲಿಕ್ ಅನ್ನಿಸಿದಳು. ಗೆರೆ ಇನ್ನೂ ಒಂದು ಗೇಣು ಒಳಗೇ ಇತ್ತು.

"ಮೇಡಂ, ಗಾಡಿಯಲ್ಲಿ ಏನಾದ್ರೂ ತೊಂದರೆ ಇದ್ಯಾ? ಇದ್ರೆ ಹೇಳ್ಬಿಡಿ" ಅಂದ ಹುಡುಗ. ನನ್ನನ್ನೇ ಕೇಳಿದ, ನನ್ನ ಗಂಡನನ್ನಲ್ಲ.

"ನಾನೇ ದಿನಾ ಇದರಲ್ಲಿ ಸ್ಕೂಲಿಗೆ ಹೋಗ್ತಿದ್ದದ್ದಪ್ಪ" ಅಂದೆ. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಹೇಳಿ ಒಳಗೆ ಹೋಗಿ ಕಾಫಿ ಮಾಡಿದೆ. ಸಕ್ಕರೆ ಹಾಕಿದೆನೋ ಇಲ್ಲವೋ ನೆನಪಾಗದೆ ಎರಡು ಸಲ ಹಾಕಿದೆ. ಅವರು ಕುಡಿದು, ಮನೆಯಲ್ಲಿ ಮಾತಾಡಿ ಫೋನ್ ಮಾಡುತ್ತೇವೆ ಅಂತ ಹೋದರು.

ಬುಧವಾರ ಸಂಜೆ ನನ್ನ ಹಳೇ ವಿದ್ಯಾರ್ಥಿನಿಯೊಬ್ಬಳು ಬಂದಳು. ಬಿಳಿಗೆರೆಯಿಂದ ಬಂದು ನಂಜನಗೂಡಿನಲ್ಲೇ ನರ್ಸ್ ಆಗಿದ್ದಾಳೆ. ಹತ್ತನೇ ಕ್ಲಾಸಿನಲ್ಲಿ ಲೆಕ್ಕದಲ್ಲಿ ಢುಮ್ಕಿ ಹೊಡೆಯುತ್ತಾಳೆ ಅಂತ ನಾನು ಭಾನುವಾರವೂ ಕೂರಿಸಿಕೊಂಡು ಹೇಳಿಕೊಟ್ಟ ಹುಡುಗಿ.

"ಮಿಸ್, ಕಾರ್ ಕೊಡ್ತಿದ್ದೀರಂತೆ. ನಂಗೇ ಕೊಡಿ, ಡ್ಯೂಟಿಗೆ ಬೇಕು."

"ನೋಡು ಮೊದಲು" ಅಂದೆ.

"ಅಯ್ಯೋ, ನಿಮ್ ಗಾಡೀಲಿ ನೋಡದೇನ್ ಮಿಸ್" ಅಂತ ನಕ್ಕಳು. ಬಾಗಿಲು ಕೂಡ ತೆಗೆಯಲಿಲ್ಲ.

ನನಗೆ ಏನಾಯಿತೋ, ತಡೆಯಲಾರದಷ್ಟು ಕೋಪ ಬಂತು. "ನೋಡದೇನು ಅಂತೆ! ಬಾರೇ ಇಲ್ಲಿ. ಕೂತ್ಕೋ. ಆ ಬೆಲ್ಟ್ ಎಳಿ. ಅಷ್ಟಲ್ಲ, ಪೂರ್ತಿ ಎಳಿ!" ಅಂತ ಕಿರುಚಿದೆ. ಬೆಲ್ಟು, ಸೀಟಿನ ಕಂಬಿ, ಸ್ಟೆಪ್ನಿಯ ಗುಂಡಿ, ಹತ್ತದ ಬತ್ತಿ, ಎಲ್ಲವನ್ನೂ ಅವಳ ಕೈಯಿಂದಲೇ ಮುಟ್ಟಿಸಿ ತೋರಿಸಿದೆ. ಯಾರದೇ ಗಾಡಿ ಇರಲಿ, ಅಪ್ಪನದೇ ಇರಲಿ, ಮ್ಯಾಟು ಎತ್ತಿ ಕೆಳಗಿನ ಹಾಸು ಒದ್ದೆ ಇದೆಯಾ ಮುಟ್ಟಿ ನೋಡು, ಕಿಟಕಿ ಮುಚ್ಚಿ ಎ.ಸಿ. ಹಾಕಿ ಮೂಸಿ ನೋಡು, ನಿನಗೆ ಗೊತ್ತಿರುವ ಮೆಕ್ಯಾನಿಕ್ಕನ್ನು ಕರೆದುಕೊಂಡು ಹೋಗು, ಮಾರುವವನ ಮೆಕ್ಯಾನಿಕ್ಕನ್ನು ನಂಬಬೇಡ ಅಂತ ಬೈದ ಹಾಗೆ ಪಾಠ ಮಾಡಿದೆ. ಅವಳ ಕಣ್ಣು ತುಂಬಿತು.

"ಬೇರೆ ಯಾರಾಗಿದ್ರೂ ಮಾರ್ಬಿಡ್ತಿದ್ರು ಮಿಸ್. ನಿಮ್ಮಂಥೋರು ಇರೋದ್ಕೇ ಪರವಾಗಿಲ್ಲ" ಅಂದಳು.

ಸುಳ್ಳು ಯಾಕೆ ಹೇಳಲಿ, ಆ ಮಾತು ನನಗೆ ಹಿತವಾಗಿತ್ತು. ಅವಳು ಹೋದ ಮೇಲೂ ಸ್ವಲ್ಪ ಹೊತ್ತು ಹಿತವಾಗಿತ್ತು. ಜಗುಲಿಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ನನ್ನ ಗಂಡ ಒಳಗೆ ಬಂದವರೇ, "ಇವತ್ತು ದೊಡ್ಡ ಹರಿಶ್ಚಂದ್ರನ ಮೊಮ್ಮಗಳಾದೆಯಲ್ಲ, ಭಾನುವಾರ ಬಾಯಿಗೆ ಏನಾಗಿತ್ತು? ಆವತ್ತು ಬಂದೋರು ಮನುಷ್ಯರಲ್ವಾ?" ಅಂದರು. ಅವರು ಚುಚ್ಚಲಿಕ್ಕೆ ಅಂದದ್ದು. ನಾನು ಅಡುಗೆಮನೆಗೆ ನಡೆದೆ.

ಈ ಹುಡುಗಿ ನಾಳೆ ಬಸ್ ಸ್ಟ್ಯಾಂಡಿನಲ್ಲಿ ಸಿಗುತ್ತಾಳೆ, ಆಸ್ಪತ್ರೆಯಲ್ಲಿ ಸಿಗುತ್ತಾಳೆ, ಇವಳ ಅಪ್ಪ ಅಮ್ಮನಿಗೆ ನಾನು ಗೊತ್ತು. ಆ ಹುಡುಗ ಎಲ್ಲೂ ಸಿಗುವುದಿಲ್ಲ. ಸಿಕ್ಕರೂ ಅವನ ಮುಖ ನನಗೆ ನೆನಪಿರುವುದಿಲ್ಲ. ಬೇರೇನಲ್ಲ, ಇಷ್ಟೇ ನನ್ನ ಪ್ರಾಮಾಣಿಕತೆಯ ಅಳತೆ ಅಂತ ಪಾತ್ರೆ ತೊಳೆಯುತ್ತಾ ನಿಂತಾಗ ಗೊತ್ತಾಯಿತು. ಮೈದುನನನ್ನು ಎಷ್ಟು ಬೈದಿದ್ದೆ! ಅವನಾದರೂ ಗುರುತಿನವರಿಗೂ ಗುರುತಿಲ್ಲದವರಿಗೂ ಒಂದೇ ಥರ ಮೋಸ ಮಾಡುವವನು. ನಾನು ಆರಿಸಿ ಮಾಡುವವಳು. ಬೆಳಿಗ್ಗೆ ಎದ್ದು ಅವರಿಗೆ ಫೋನ್ ಮಾಡಬೇಕು ಅಂದುಕೊಂಡೆ. ಬೆಳಿಗ್ಗೆ ಸ್ಕೂಲಿಗೆ ಹೊತ್ತಾಯಿತು ಅಂತ ಮಾಡಲಿಲ್ಲ. ಮಧ್ಯಾಹ್ನವೂ ಮಾಡಲಿಲ್ಲ.

ಗುರುವಾರ ಸಂಜೆ ಅವನೇ ಮಾಡಿದ. ನನ್ನ ಗಂಡ ಪಕ್ಕದಲ್ಲೇ ಕೂತಿದ್ದರು, ಟಿ.ವಿ. ಸದ್ದು ಕಡಿಮೆ ಮಾಡಿದರು.

"ಮೇಡಂ, ಒಪ್ಪಿಗೆ. ನಾಳೆ ಅಡ್ವಾನ್ಸ್ ತಗೊಂಡು ಬರ್ತೀವಿ."

"ಬರಬೇಡಿ" ಅಂದೆ. ಗಾಡಿ ನೀರಲ್ಲಿ ಮುಳುಗಿದ್ದದ್ದು, ಏರ್‌ಬ್ಯಾಗ್ ಕೆಲಸ ಮಾಡದೇ ಇರುವುದು, ಬತ್ತಿಗೆ ಟೇಪು ಹಾಕಿರುವುದು, ಇಂಜಿನ್ ಬಿಸಿ ಮಾಡಿಟ್ಟದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ನನ್ನ ಗಂಡ ಎದ್ದು ಹೊರಗೆ ಹೋದರು. ಹುಡುಗ ಬಯ್ಯಲಿ ಅಂತ ಕಾದೆ.

"ನಾನು ಕೇಳಿದ್ದೆನಲ್ಲ ಮೇಡಂ" ಅಂದ. "ನನ್ನ ಪಟ್ಟಿಯಲ್ಲಿ ಎರಡು ಮೂರು ಸರಿ ಬಂದಿರಲಿಲ್ಲ. ಬೇಡ ಅಂದಿದ್ದೆ. ಆದ್ರೆ ನನ್ನ ಹೆಂಡತಿ, 'ಆ ಮೇಡಂ ಟೀಚರು, ದಿನಾ ಅವರೇ ಓಡಿಸಿದ್ದಾರೆ, ಅಂಥವರು ಮಗು ಇರೋರಿಗೆ ಸುಳ್ಳು ಹೇಳ್ತಾರಾ' ಅಂದ್ಲು. ಅದಕ್ಕೇ ಒಪ್ಪಿದ್ದು."

ನಾನು ತಪ್ಪಾಯಿತು ಅನ್ನುವಷ್ಟರಲ್ಲಿ ಫೋನಿನ ಆ ಕಡೆ ಅವಳ ದನಿ ಕೇಳಿಸಿತು. ಹಿಂದೆ ಕೂಸು ಕೇಕೆ ಹಾಕುತ್ತಿತ್ತು. "ಏನಂತ್ರೀ? ಎಷ್ಟೊತ್ತಿಗೆ ಬರಬೇಕಂತೆ?"

ಅವನು ಅವಳಿಗೆ ಹೇಳಿದ್ದು ನನಗೆ ಚೆನ್ನಾಗಿ ಕೇಳಿಸಿತು.

"ಬರೋದು ಬೇಡ್ವಂತೆ. ಹೇಳ್ತಾರೆ ಕಣೇ, ಟೀಚರೂ ಸುಳ್ಳು ಹೇಳ್ತಾರೆ."