ಬಲೆ ಕಡಿಯಬೇಡಿ ಎಂದವನು

ಮೊನ್ನೆ ಗಿರಾಕಿಯೊಬ್ಬರು ಹೊಲಿಯಲು ಕೊಟ್ಟ ಹಳೆಯ ಚೀಲವನ್ನು ಬಿಡಿಸಿದೆ. ಗಪ್ಪೆಂದು ಒಣಮೀನಿನ ವಾಸನೆ ಬಂತು. ತಿಪಟೂರಿನಲ್ಲಿ ನನ್ನ ಹೊಲಿಗೆ ಅಂಗಡಿಯ ಪಕ್ಕದಲ್ಲೇ ಮೀನು ಮಾರುತ್ತಿದ್ದವನು, ನಾನು ಅಣ್ಣ ಎಂದೇ ಕರೆಯುತ್ತಿದ್ದವನು, ಕಣ್ಮುಂದೆ ಬಂದು ನಿಂತ…

ಅವನು ಹೊನ್ನವಳ್ಳಿ ಕಡೆಯವನು. ಪ್ರಾಯದಲ್ಲಿ ತಮ್ಮನನ್ನೂ ಕಟ್ಟಿಕೊಂಡು ಕರಾವಳಿಗೆ ಹೋಗಿ ಮೀನಿನ ಬೋಟಿನಲ್ಲಿ ದುಡಿದಿದ್ದ. ಕೆರೆಯಲ್ಲಿ ಈಜು ಕಲಿತ ಹುಡುಗರು. ವಾಪಸ್ಸು ಬಂದದ್ದು ಅಣ್ಣ ಒಬ್ಬನೇ.

ನಡೆದದ್ದನ್ನು ನನಗೆ ಒಂದೇ ಸಲ ಹೇಳಿದ, ಮೀನು ಕೊಯ್ಯುತ್ತಾ, ತಲೆ ಎತ್ತದೆ. ಅಂದು ಬಂದರಿನಲ್ಲಿ ಬಿರುಗಾಳಿಯ ಎಚ್ಚರಿಕೆ ಕೊಟ್ಟಿದ್ದರು. ಬೋಟಿನ ಯಜಮಾನ, ಇವತ್ತು ಹತ್ತದವರು ನಾಳೆಯಿಂದ ಕೆಲಸಕ್ಕೆ ಬರಬೇಡಿ ಎಂದ. ಹತ್ತಿದರು. ದಡ ಕಾಣದಷ್ಟು ದೂರ ಹೋದ ಮೇಲೆ ಗಾಳಿ ಎದ್ದಿತು. ನೀರೊಳಗಿದ್ದ ಬಲೆ ಬೋಟನ್ನು ಹಿಂದಿನಿಂದ ಕೆಳಕ್ಕೆ ಜಗ್ಗುತ್ತಿತ್ತು. ಅಲೆ ಅಲೆಗೂ ನೀರು ಒಳನುಗ್ಗುತ್ತಿತ್ತು. ಹಗ್ಗ ಕಡಿದು ಬಲೆ ಬಿಟ್ಟರೆ ಜೀವ ಉಳಿಯುತ್ತಿತ್ತು. ಬೋಟು ನಡೆಸುವವನು ವೈರ್‌ಲೆಸ್ಸಿನಲ್ಲಿ ಯಜಮಾನನನ್ನು ಕೇಳಿದ. "ಬಲೆ ಕಡಿಬೇಡಿ, ಎಳ್ಕೊಂಡೇ ಬನ್ನಿ" ಎಂದು ದಡದಿಂದ ಉತ್ತರ ಬಂತು. ಮತ್ತೆ ಕೇಳಿದರೂ ಅದೇ ಉತ್ತರ. ಕೊನೆಗೆ ತಮ್ಮನೇ ಕತ್ತಿ ಹಿಡಿದು ಹಿಂದಕ್ಕೆ ತೆವಳಿದ. ಹಗ್ಗ ತುಂಡಾಯಿತು, ಬೋಟು ಮೇಲೆದ್ದಿತು. ಆದರೆ ಅಲೆ ಇಳಿದಾಗ ತಮ್ಮ ಅಲ್ಲಿರಲಿಲ್ಲ… ಹೆಣವೂ ಸಿಗಲಿಲ್ಲ. ತಾನು ಬೇಡವೆಂದರೂ ಹೋದರು ಎಂದು ಯಜಮಾನ ಪೊಲೀಸರ ಮುಂದೆ ಹೇಳಿ ಕೈತೊಳೆದುಕೊಂಡ.

"ಆ ಯಜಮಾನ ಸಿಗ್ತಾನೆ ಕಣಪ್ಪ. ಎಲ್ಲೋಗ್ತಾನೆ" ಎಂದಿದ್ದ ಅಣ್ಣ.

ಸಿಕ್ಕಿದ. ಆ ಯಜಮಾನ ಹಾಲ್ಕುರಿಕೆ ಹತ್ತಿರ ತೆಂಗಿನ ತೋಟ ಕೊಳ್ಳಲು ಬಂದಿದ್ದಾನೆಂದು ದಲ್ಲಾಳಿಯೊಬ್ಬ ನನ್ನ ಅಂಗಡಿಯಲ್ಲೇ ಕೂತು ಹೇಳಿದ. ಪಕ್ಕದಲ್ಲಿ ಅವನ ಹೆಸರು ಕೇಳಿಸಿಕೊಂಡ ಅಣ್ಣ ಮೀನು ಕೊಯ್ಯುವ ಚಾಕುವನ್ನು ಸೊಂಟಕ್ಕೆ ಸಿಕ್ಕಿಸಿ ಗಾಡಿ ಹತ್ತಿದ. ನಾನು ಓಡಿಹೋಗಿ ಹಿಂದೆ ಕೂತೆ.

ತೋಟದ ಯಜಮಾನಿ, ವಯಸ್ಸಾದ ಹೆಂಗಸು, ಬೋಟಿನ ಯಜಮಾನನಿಗೆ ಎಳನೀರು ಕೊಟ್ಟಿದ್ದಳು. ಅಣ್ಣ ಎದುರು ನಿಂತು, "ಗುರ್ತು ಸಿಕ್ತಾ?" ಎಂದ.

"ಯಾರು ನೀವು?" ಎಂದ ಯಜಮಾನ. ನಿಜಕ್ಕೂ ಗುರುತಿರಲಿಲ್ಲ.

ಚಾಕು ಹೊರಬಂತು. ನಾನು ಅಣ್ಣನ ಮಣಿಕಟ್ಟು ಹಿಡಿದುಕೊಂಡೆ. "ಕೊಯ್ಯಕಿಲ್ಲ ಬುಡ್ಲಾ. ಕೊಯ್ದ್ರೆ ಒಂದ್ ಗಳಿಗೇಲಿ ಮುಗ್ದೋಯ್ತದೆ" ಎಂದು ಚಾಕು ಎಸೆದ. ಆಮೇಲೆ ಆ ಅಜ್ಜಿಯ ಮುಂದೆ ಎಲ್ಲವನ್ನೂ ಹೇಳಿದ.

"ಹಳೇದೆಲ್ಲ ಯಾಕೆ ಮಾರಾಯ್ರೆ? ಸಮುದ್ರ ಅಂದ್ಮೇಲೆ ಹೀಗೆಲ್ಲ ಆಗ್ತದೆ" ಎಂದ ಯಜಮಾನ.

ಅಜ್ಜಿ ಅವನ ಕೈಯಿಂದ ಎಳನೀರು ಕಿತ್ತುಕೊಂಡು ಮರದ ಬುಡಕ್ಕೆ ಸುರಿದಳು. "ಎದ್ದೋಗ್ರೀ. ತೋಟ ಮಾರಕಿಲ್ಲ."

ಯಜಮಾನ ತುರುವೇಕೆರೆ ಕಡೆ ಹೋದ, ಚಿಕ್ಕನಾಯಕನಹಳ್ಳಿ ಕಡೆ ಹೋದ. ಅಂಗಡಿಗೆ ಬೀಗ ಹಾಕಿ, ದಲ್ಲಾಳಿಗಳಿಂದ ಊರು ಕೇಳಿಕೊಂಡು, ಅಣ್ಣ ಎಲ್ಲೆಡೆ ಅವನಿಗಿಂತ ಮೊದಲೇ ಹೋಗಿ ನಿಂತು ನಡೆದದ್ದನ್ನು ಹೇಳಿದ. ಯಾರೂ ತೋಟ ಕೊಡಲಿಲ್ಲ. "ಸಾಕು ಬುಡಣ್ಣ" ಎಂದೆ. "ನನ್ ತಮ್ಮಂಗೆ ಮೂರಡಿ ಮಣ್ಣು ಸಿಗ್ನಿಲ್ಲ. ಇವ್ನಿಗೂ ಈ ಸೀಮೇಲಿ ಒಂದ್ ಗೇಣು ಸಿಗ್ಬಾರ್ದು" ಎಂದ.

ಹೋದ ವರ್ಷ ಕಾಮಾಲೆಯಾಗಿ ಅಣ್ಣ ತೀರಿಕೊಂಡ. ಅವನ ಅಂಗಡಿಯಲ್ಲಿ ಈಗ ಮೊಬೈಲ್ ರಿಪೇರಿ ಮಾಡುತ್ತಾರೆ. ಕೆಲಸದ ಮಧ್ಯೆ ಮಾತಾಡಲು ಆ ಕಡೆ ತಿರುಗುತ್ತೇನೆ, ಆಮೇಲೆ ನೆನಪಾಗುತ್ತದೆ…

ನಿನ್ನೆ ಅದೇ ದಲ್ಲಾಳಿ ಬಂದಿದ್ದ. "ಆ ಬೋಟಿನ ಯಜಮಾನ್ರು ಮತ್ತೆ ತೋಟ ಕೇಳ್ತಾವ್ರೆ. ಮೀನಿನವ್ನು ಸತ್ತೋದ್ನಲ್ಲ, ಇನ್ಯಾರ್ ಅಡ್ಡ ಬತ್ತಾರೆ?" ಎಂದು ನಕ್ಕ.

ಯಾವ ಊರಲ್ಲಿ ನೋಡುತ್ತಿದ್ದಾರೆ ಎಂದು ಕೇಳಿದೆ. ಹೇಳಿದ. ಅವನನ್ನು ಕಳಿಸಿ, ಹೊಲಿಗೆ ಅರ್ಧಕ್ಕೇ ಬಿಟ್ಟು ಅಂಗಡಿಯ ಬಾಗಿಲೆಳೆದೆ.