ಹದಿನೇಳನೇ ನಂಬರಿನ ಅಂಗಿ

ನನ್ನ ಅಣ್ಣ ಡೂಗಿಗೆ ಐಸ್ ಬಿಟ್ಟರೆ ಬೇರೆ ದೇವರಿಲ್ಲ. ಬ್ರಿಟನ್ನಿನ ನಮ್ಮೂರು ಕಿನ್‌ಹೇವನ್ನಿನ ಐಸ್ ಹಾಕಿ ಆಟದ ಅಂಗಣದಲ್ಲಿ ಮಂಜುಗಡ್ಡೆ ನುಣುಪು ಮಾಡುವ ಗಾಡಿ ಓಡಿಸುವವನು ಅವನು. ಅದೇ ಅಂಗಣದ ಮೂಲೆಯಲ್ಲಿ ಚಹಾ, ಮಾಂಸದ ಪೈ ಮಾರುವವಳು ನಾನು. ತನ್ನ ಮಗ ಲಾಕ್ಲನ್ ನಡೆಯುವ ಮೊದಲೇ ಜಾರುವುದನ್ನು ಕಲಿತ ಎಂದು ಅಣ್ಣ ಕಂಡಕಂಡವರಿಗೆಲ್ಲ ಹೇಳುತ್ತಾನೆ. ಶುದ್ಧ ಸುಳ್ಳು. ಊರು ನಂಬಿದೆ, ನಾನೇಕೆ ಕೆಡಿಸಲಿ.

ಹದಿನೆಂಟಕ್ಕೆ ಹುಡುಗ ಸ್ವೀಡನ್ನಿಗೆ ಹೋದ. ಅಲ್ಲಿನ ತಂಡಗಳಲ್ಲಿ ಹೊರದೇಶದವರಿಗೆ ಇಂತಿಷ್ಟೇ ಜಾಗ. ಅದನ್ನು ಬ್ರಿಟನ್ನಿನವನಿಗೆ ಕೊಟ್ಟು ಹಾಳುಮಾಡುವುದಕ್ಕಿಂತ ಕೆನಡಾದವನನ್ನು ತರುತ್ತೇನೆ ಎಂದು ಕೋಚ್ ಮುಖಕ್ಕೇ ಹೇಳಿದನಂತೆ. ಎರಡು ಚಳಿಗಾಲ ಕಳೆದು ವಾಪಸ್ ಬಂದ. ಇಲ್ಲಿ ನೋಡಿದರೆ ಇಲ್ಲೂ ಕೆನಡಾದವರೇ! ಆಡುವವರು ಗುಂಪುಗುಂಪಾಗಿ ಪಾಳಿಯ ಮೇಲೆ ಇಳಿಯುವ ಆಟ ಇದು; ಮೊದಲ ಪಾಳಿ ಅವರದು, ಎರಡನೆಯದೂ ಅವರದು. ಅವರು ದಣಿದಾಗ ಇಳಿದು, ಎದುರಾಳಿ ಹೊಡೆದ ರಬ್ಬರ್ ಬಿಲ್ಲೆಗೆ ಮೈಯೊಡ್ಡಿ ಮತ್ತೆ ಬೆಂಚಿಗೆ ಮರಳುವುದು ಮೂರನೇ ಪಾಳಿಯ ನಮ್ಮವನ ಕೆಲಸ. ಅತ್ತ ದರಿ, ಇತ್ತ ಪುಲಿ. ಹೀಗೇ ಹತ್ತು ವರ್ಷ ಹೋದವು.

ಈ ವಸಂತದಲ್ಲಿ ದೇಶದ ತಂಡಕ್ಕೆ ಆಡುವಾಗ ಜರ್ಮನಿಯ ಕೋಚ್ ಒಬ್ಬನ ಕಣ್ಣಿಗೆ ಬಿದ್ದ. ಆಗಸ್ಟಿನಲ್ಲಿ ಫೋನ್ ಬಂತು. ಅಲ್ಲಿನ ಮೊದಲ ದರ್ಜೆಯ ತಂಡ, ಒಬ್ಬನಿಗೆ ಮಂಡಿ ಹೋಗಿದೆ, ಎರಡನೇ ಪಾಳಿಯಲ್ಲೇ ಆಡಿಸುತ್ತೇನೆ, ಸೋಮವಾರದೊಳಗೆ ಹೇಳು ಎಂದ. ಲಾಕ್ಲನ್ ಇದನ್ನು ಹೇಳಿದ್ದು ನನಗೊಬ್ಬಳಿಗೇ, ನನ್ನ ಅಂಗಡಿಯ ಹಿಂದೆ ನಿಂತು, ಪೈಯನ್ನು ತಿನ್ನದೆ ಚೂರುಚೂರು ಮಾಡುತ್ತ. ಮೂವತ್ತಾದವನನ್ನು ಮತ್ತೆ ಯಾರೂ ಕರೆಯುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಆದರೆ ಶನಿವಾರ ಅವನ ಸನ್ಮಾನದ ಪಂದ್ಯ. ಒಂದೇ ತಂಡಕ್ಕೆ ಹತ್ತು ವರ್ಷ ಆಡಿದ ನಮ್ಮವನಿಗೆ ಊರು ಅದನ್ನು ಮಾಡಲೇಬೇಕು, ಹಳೇ ಜೊತೆಗಾರರು ಸಮುದ್ರ ದಾಟಿ ಬರಲೇಬೇಕು. ಅಣ್ಣ ಬೇಸಿಗೆಯಿಡೀ ಗೋಡೆಗೋಡೆಗೆ ಮಗನ ಮುಖ ಅಂಟಿಸಿದ್ದ.

"ಕೊನೇಲಿ ಮೈಕ್ ಕೊಡ್ತಾರಲ್ಲ, ಆಗ ಹೇಳ್ಬಿಡು," ಅಂದೆ. "ಹರಸಿ ಕಳಿಸ್ತಾರೆ. ಇವ್ರೇನು ಹುಲಿನಾ ಕರಡಿನಾ?"

"ಹೇಳ್ತೀನಿ ಅತ್ತೆ. ಅಪ್ಪ ಎದುರಿಗೇ ಇರ್ತಾನೆ, ಒಂದೇ ಸಲಕ್ಕೆ ಮುಗಿದುಹೋಗ್ಲಿ."

ಅವತ್ತು ಅವನನ್ನು ಮೊದಲ ಪಾಳಿಯಲ್ಲಿ ಆಡಿಸಿದರು. ಎರಡು ಗೋಲು ಹೊಡೆದ. ಈ ಹುಡುಗನನ್ನು ಹತ್ತು ವರ್ಷ ಕೂರಿಸಿದ್ದರಲ್ಲ! ಪಂದ್ಯ ಮುಗಿಯುತ್ತಲೇ ದೀಪ ಆರಿಸಿದರು. ಒಂದೇ ಬೆಳಕಿನಲ್ಲಿ ಅವನ ಹದಿನೇಳನೇ ನಂಬರಿನ ಅಂಗಿ ನಿಧಾನಕ್ಕೆ ಚಾವಣಿಗೇರಿತು. ಹಾಗೆ ತೂಗುಹಾಕುವುದು ಆಟ ಬಿಟ್ಟವರ ಅಂಗಿಯನ್ನು, ಇಲ್ಲವೇ ಸತ್ತವರದನ್ನು. ಪ್ರೀತಿಯ ಭರದಲ್ಲಿ ನಮ್ಮವರಿಗೆ ಅದು ಮರೆತೇಹೋಗಿತ್ತು. ಬದುಕಿರುವವನಿಗೇ ಎಳ್ಳುನೀರು ಬಿಟ್ಟರು ಮಹಾಶಯರು. ಎಲ್ಲಿಗೂ ಹೋಗದೆ ನಮ್ಮ ಜೊತೆಗೇ ಉಳಿದ ಹುಡುಗ ಎಂದು ತಂಡದ ಅಧ್ಯಕ್ಷರು ಕೂಗಿದರು. ಹಗ್ಗ ಎಳೆಯುತ್ತಿದ್ದವನು ಡೂಗಿ. ನಮ್ಮಪ್ಪ ಸತ್ತಾಗಲೂ ಅಳದ ನನ್ನ ಅಣ್ಣ ಅವತ್ತು ಬಿಕ್ಕಿಬಿಕ್ಕಿ ಅಳುತ್ತಿದ್ದ.

ಲಾಕ್ಲನ್ ಮೈಕ್ ತೆಗೆದುಕೊಂಡ. ಮೇಲೆ ನೋಡಿದ, ಅಪ್ಪನನ್ನು ನೋಡಿದ. ಹೇಳೋ ಮಾರಾಯ, ಹೇಳು ಎಂದು ನಾನು ಬಾಯೊಳಗೇ ಅಂದುಕೊಳ್ಳುತ್ತಿದ್ದೆ.

"ನಾನಿನ್ನೆಲ್ಲಿಗೆ ಹೋಗ್ಲಿ," ಅಂದ. "ಇಲ್ಲೇ ಇರ್ತೀನಿ."

ಇಡೀ ಅಂಗಣ ಎದ್ದು ನಿಂತಿತು. ನಾನು ಸಿಟ್ಟಿಗೆ ಚಹಾದ ಲೋಟಗಳನ್ನು ತೊಳೆದದ್ದನ್ನೇ ತೊಳೆದೆ. ಸೋಮವಾರ ಬಂತು, ಹೋಯಿತು.

ಹದಿನೇಳು ಚಾವಣಿಗೇರಿತ್ತಲ್ಲ, ಲೀಗಿನ ಮೊದಲ ಪಂದ್ಯಕ್ಕೆ ಅವನಿಗೆ ಬೇರೆ ನಂಬರು ಕೊಟ್ಟರು. ಮತ್ತೆ ಮೂರನೇ ಪಾಳಿ. ತನ್ನದೇ ಅಂಗಿಯ ಕೆಳಗೆ ಬೆಂಚಿನಲ್ಲಿ ಕೂತಿದ್ದ. ಆಟ ಮುಗಿದು ಜನ ಕರಗಿದ ಮೇಲೆ ಚಹಾಕ್ಕೆ ಬಂದ. ಅಣ್ಣ ಒಳಗೆ ಗಾಡಿ ಓಡಿಸುತ್ತ, ಒಂದೊಂದು ಸುತ್ತಿಗೂ ತಲೆಯೆತ್ತಿ ಅಂಗಿ ನೋಡುತ್ತಿದ್ದ.

"ಅತ್ತೆ, ಅದನ್ನ ಕೆಳಗಿಳಿಸೋಕೆ ಏಣಿ ಸಿಗುತ್ತಾ?" ಎಂದು ನಗುತ್ತ ಕೇಳಿದ.

ಕಣ್ಣು ನಗುತ್ತಿರಲಿಲ್ಲ.

"ಏಣಿ ಇದೆ ಕಣೋ," ಅಂದೆ. "ಅದಿರೋ ಕೋಣೆ ಬೀಗದ ಕೈ ನಿಮ್ಮಪ್ಪನ ಹತ್ರ ಇದೆ."