ಅಪ್ಪನ ನೀರಡಿಕೆ

ಸತ್ತವರಿಗೆ ನೀರಡಿಕೆಯಾಗುತ್ತದೋ ಇಲ್ಲವೋ ಎಂಬ ಒಂದೇ ಮಾತಿನ ಮೇಲೆ ನಾನು ನನ್ನ ತವರೂರ ಪಾಸ್ಟರರ ಜೊತೆ ಜಗಳ ತೆಗೆದಿದ್ದೇನೆ. ಅದೂ ಮನೆಯೊಳಗಲ್ಲ, ಚರ್ಚಿನ ಬಾಗಿಲಲ್ಲಿ, ಅರ್ಧ ಸಭೆ ಚಪ್ಪಲಿ ಮೆಟ್ಟಿಕೊಳ್ಳುವ ನೆಪದಲ್ಲಿ ನಿಂತು ನೋಡುತ್ತಿರುವಾಗ. ನನ್ನ ಗಂಡ ಇವತ್ತಿಗೂ ಆ ಸುದ್ದಿ ಬಂದರೆ ತಲೆ ತಗ್ಗಿಸುತ್ತಾನೆ. ನಾನು ತಗ್ಗಿಸುವುದಿಲ್ಲ. ಆ ಸಿಟ್ಟು ಇನ್ನೂ ಆರಿಲ್ಲ, ಆರಿಸಿಕೊಳ್ಳುವ ಮನಸ್ಸೂ ನನಗಿಲ್ಲ.

ನನ್ನ ತವರು ಹುಮನಾಬಾದ್ ಮಗ್ಗುಲಿನ ಹುಡಗಿ ಎಂಬ ಹಳ್ಳಿ. ಮದುವೆಯಾಗಿ ಬಂದದ್ದು ಬಸವಕಲ್ಯಾಣಕ್ಕೆ. ಇಲ್ಲಿ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ರವಿಕೆ ಹೊಲಿಯುತ್ತೇನೆ. ನಮ್ಮ ಅಜ್ಜನ ಕಾಲಕ್ಕೆ ನಾವು ಕ್ರೈಸ್ತರಾದೆವು. ಅಜ್ಜ ದೀಕ್ಷಾಸ್ನಾನ ತೆಗೆದುಕೊಳ್ಳುವ ಮೊದಲೇ ಕೊಹಿನೂರಿಗೆ ಮದುವೆಯಾಗಿ ಹೋಗಿದ್ದ ಸೋದರತ್ತೆ, ಅಂದರೆ ಅಪ್ಪನ ಅಕ್ಕ, ಗಂಡನ ಮನೆಯ ದೇವರನ್ನೇ ಹಿಡಿದುಕೊಂಡಳು. ಅವಳಿಗೆ ಸೋಮವಾರ ಒಪ್ಪತ್ತು, ನಮಗೆ ಭಾನುವಾರ ಚರ್ಚು. ಜೋಳದ ರೊಟ್ಟಿ ಎರಡೂ ಮನೆಯಲ್ಲಿ ಒಂದೇ. ಅಪ್ಪ ಬದುಕಿರುವ ತನಕ ಇದರಿಂದ ಯಾರಿಗೂ ಏನೂ ತಕಲೀಫ್ ಆಗಲಿಲ್ಲ.

ಅಪ್ಪ ಸ್ವಂತದ ತುಂಡು ಹೊಲದಲ್ಲಿ ತೊಗರಿ ಹಾಕುತ್ತಿದ್ದ, ಉಳಿದ ದಿನ ಬೇರೆಯವರ ಹೊಲಕ್ಕೆ ಕೂಲಿ ಹೋಗುತ್ತಿದ್ದ. ಹೊತ್ತು ಮುಳುಗುವಾಗ ಮನೆಗೆ ಬಂದರೆ ಹೊರಗಿನ ಕಟ್ಟೆಯ ಮೇಲೆ ಕೂರುತ್ತಿದ್ದ. ಅವ್ವ ಒಂದು ಚರಿಗೆ ನೀರು ತಂದು ಕೊಡಬೇಕು. ಅದನ್ನು ಗಟಗಟ ಕುಡಿದು, ಉಳಿದದ್ದರಲ್ಲಿ ಕಾಲು ತೊಳೆದುಕೊಂಡ ಮೇಲೆಯೇ ಅವನ ಬಾಯಿಂದ ಮಾತು. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ನೀರು, ಆಮೇಲೆ ಮಾತು. ಬಂದವರು ವೈರಿಯಾದರೂ ಅಷ್ಟೇ. ನೀರಿನ ಜೊತೆ ಚೂರು ಬೆಲ್ಲವಿದ್ದರೆ ಮನೆಯವರಿಗೆ ಮರ್ಯಾದೆ.

ಹೋದ ವರ್ಷ ಬೇಸಿಗೆಯಲ್ಲಿ ಅಪ್ಪನಿಗೆ ಹೊಟ್ಟೆನೋವು ಬಂತು. ಅವ್ವ ಪಕ್ಕದ ಮನೆಯವರ ಟಂಟಂ ಆಟೋದಲ್ಲಿ ಹಾಕಿಕೊಂಡು ಹುಮನಾಬಾದ್‌ನ ಒಂದು ಖಾಸಗಿ ದವಾಖಾನೆಗೆ ಕರೆದುಕೊಂಡು ಹೋದಳು. ಕರುಳು ಸುತ್ತಿಕೊಂಡಿದೆ, ಆಪರೇಷನ್ ಆಗಬೇಕು, ಕಲಬುರಗಿಯಿಂದ ದೊಡ್ಡ ಡಾಕ್ಟರು ಬರುತ್ತಾರೆ, ಅಲ್ಲಿಯ ತನಕ ಬಾಯಿಗೆ ಹನಿ ನೀರೂ ಹಾಕಬಾರದು ಎಂದರಂತೆ. ಡಾಕ್ಟರು ಈಗ ಬರುತ್ತಾರೆ, ಆಗ ಬರುತ್ತಾರೆ, ದಾರಿಯಲ್ಲಿದ್ದಾರೆ. ಬೆಳಿಗ್ಗೆಯಿಂದ ಸಂಜೆಯ ತನಕ ಇದೇ ಮಾತು. ಅಪ್ಪ ಬೆಳಿಗ್ಗೆಯಿಂದ ಸಂಜೆಯ ತನಕ ನೀರು ಕೇಳಿದ. ಒಂದು ಗುಟುಕು ಎಂದ. ಆಮೇಲೆ, ನಾಲಗೆ ತೋಯುವಷ್ಟು ಸಾಕು ಎಂದ. ಅವ್ವ ಜೀವಮಾನದಲ್ಲಿ ಯಾರ ಮಾತೂ ಮೀರಿದವಳಲ್ಲ. ನೀರಿನ ಬಾಟಲಿ ಕಣ್ಣಿಗೆ ಬಿದ್ದರೆ ಅವನಿಗೆ ಇನ್ನೂ ಆಸೆಯಾಗುತ್ತದೆಂದು ಅದನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಕೂತಳು. ನಾನು ಬಸವಕಲ್ಯಾಣದಿಂದ ಬಸ್ಸು ಹಿಡಿದು, ಹುಮನಾಬಾದ್ ಹೊರಗಿನ ಕಾರ್ಖಾನೆಗಳ ವಾಸನೆ ಬಂದ ಕೂಡಲೇ ಎದ್ದು ಬಾಗಿಲ ಬಳಿ ನಿಂತು, ಓಡಿ ಹೋಗಿ ದವಾಖಾನೆ ಮುಟ್ಟುವಷ್ಟರಲ್ಲಿ ಅಪ್ಪ ಹೋಗಿಬಿಟ್ಟಿದ್ದ. ದೊಡ್ಡ ಡಾಕ್ಟರು ಆಮೇಲೂ ಬರಲಿಲ್ಲ. ಅವ್ವನ ಸೆರಗಿನೊಳಗೆ ಬಾಟಲಿ ಹಾಗೇ ತುಂಬಿತ್ತು. ನಾನು ಆ ದವಾಖಾನೆಯಲ್ಲಿ ಏನೇನು ಬೈದೆ ಎಂದು ಬರೆದರೆ ಅಚ್ಚು ಮಾಡುವುದಿಲ್ಲ.

ಮಣ್ಣಿನ ದಿನ ಪಾಸ್ಟರರು ಹುಮನಾಬಾದ್‌ನಿಂದ ಬೈಕಿನ ಮೇಲೆ ಬಂದರು. ಹೊಸಬರು, ನನಗಿಂತ ಚಿಕ್ಕವರು, ಇಸ್ತ್ರಿ ಮುರಿಯದ ಅಂಗಿ. ಕುಣಿಯ ಪಕ್ಕ ನಿಂತು ಬಿಡಿಸಿ ಹೇಳಿದರು. ಮನುಷ್ಯನಲ್ಲಿ ಮೂರಿವೆ, ಶರೀರ, ಪ್ರಾಣ, ಆತ್ಮ. ಶರೀರ ಮಣ್ಣಿಗೆ ಹೋಗುತ್ತದೆ. ಆತ್ಮ ಅದನ್ನು ಕೊಟ್ಟ ದೇವರ ಕಡೆಗೆ ಹೋಗುತ್ತದೆ. ಪ್ರಾಣ ಕರ್ತನು ತಿರುಗಿ ಬರುವ ತನಕ ಕಾಯುತ್ತದೆ, ವಿಶ್ವಾಸಿಯಾದರೆ ವಿಶ್ರಾಂತಿಯಲ್ಲಿ, ಇಲ್ಲವಾದರೆ ಯಾತನೆಯಲ್ಲಿ. ಅವ್ವ ಬಸ್ಸಿನ ದಾರಿ ಕೇಳಿಕೊಳ್ಳುವವಳ ಹಾಗೆ ಒಂದೊಂದು ಮಾತಿಗೂ ತಲೆಯಾಡಿಸುತ್ತಿದ್ದಳು. ನನಗೆ ಅಲ್ಲೇ ಮೈ ಉರಿಯಿತು. ಸತ್ತವರು ಎಲ್ಲಿ ಹೋಗುತ್ತಾರೆ, ಎಲ್ಲಿ ಇಳಿಯುತ್ತಾರೆ, ಎಲ್ಲಿ ಕಾಯುತ್ತಾರೆ ಎಂದು ಎಲ್ಲರಿಗೂ ಬರಾಬರ್ ಗೊತ್ತು. ಕಲಬುರಗಿಯಿಂದ ಹೊರಟ ಒಬ್ಬ ಡಾಕ್ಟರು ಎಲ್ಲಿದ್ದಾನೆ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಅದಾಗಿ ಕೆಲವು ದಿನಕ್ಕೆ ನಾನು ಮತ್ತೆ ಹುಡಗಿಗೆ ಹೋದಾಗ, ಹೊತ್ತು ಮುಳುಗುವ ವೇಳೆಗೆ ಅವ್ವ ಚರಿಗೆ ತುಂಬಿ ಹೊರಗಿನ ಕಟ್ಟೆಯ ಮೇಲೆ ಇಟ್ಟದ್ದು ಕಂಡಿತು. ಬೆಳಿಗ್ಗೆ ಆ ನೀರನ್ನು ಕರಿಬೇವಿನ ಗಿಡದ ಬುಡಕ್ಕೆ ಚೆಲ್ಲಿದಳು. ಪ್ರತಿದಿನವೂ ಹೀಗೇ ಮಾಡುತ್ತೀಯಾ ಎಂದು ಕೇಳಿದೆ. ಹೂಂ ಅಂದಳು. “ಕೊನಿಗೆ ಕೇಳಿದ್ದು ಅದೊಂದ. ಬಂದ್ರ ಕುಡೀಲಿ” ಅಂದಳು. ಅದಕ್ಕೆ ನಾನು ಏನು ಹೇಳಲಿ? ಊದುಬತ್ತಿಯಿಲ್ಲ, ಮಂತ್ರವಿಲ್ಲ, ಒಂದು ಚರಿಗೆ ನೀರು. ಇಡಲಿ ಎಂದು ಸುಮ್ಮನಾದೆ.

ಸುಮ್ಮನಾಗದವರು ಉಳಿದವರೆಲ್ಲ. ಮೊದಲು ಕೊಹಿನೂರಿನ ಸೋದರತ್ತೆ ಬಂದಳು. ಕಟ್ಟೆಯ ಮೇಲಿನ ಚರಿಗೆ ನೋಡಿ ಅವಳಿಗೆ ಹಿಗ್ಗೋ ಹಿಗ್ಗು. ನಮ್ಮ ಪದ್ಧತಿ ರಕ್ತದಾಗ ಇರ್ತದ, ಚರ್ಚಿಗೆ ಹೋದ್ರ ಹೋಗ್ತದೇನು ಎಂದು ಓಣಿಗೆಲ್ಲ ಕೇಳುವಂತೆ ಹೇಳಿದಳು. ಅಷ್ಟಕ್ಕೇ ಬಿಡದೆ ಚರಿಗೆಗೆ ಕುಂಕುಮ ಹಚ್ಚಿ, ಪಕ್ಕದಲ್ಲಿ ಎಲೆಯ ಮೇಲೆ ಅನ್ನ ಇಟ್ಟು, ಕಾಗೆಯನ್ನು ಕರೆದಳು. ಕಾಗೆ ತಡಮಾಡಿದಾಗ, ತಮ್ಮನಿಗೆ ಏನೋ ಆಸೆ ಉಳಿದಿದೆ ಎಂದು ಅವಳೇ ತೀರ್ಪು ಕೊಟ್ಟಳು. ಅವ್ವ ಸೆರಗಿನ ತುದಿಯಿಂದ ಕುಂಕುಮ ಒರೆಸಿದಳು. ಒರೆಸುವ ಮೊದಲೇ ಚರ್ಚಿನ ಸಭೆಯ ಹೆಂಗಸೊಬ್ಬಳು ನೋಡಿಕೊಂಡು ಹೋಗಿದ್ದಳು. ಆ ಹೆಂಗಸಿಗೆ ತನ್ನ ಮನೆಯಲ್ಲಿ ನೋಡಿಕೊಳ್ಳಲು ಏನೂ ಇರಲಿಲ್ಲವೇ? ಸುದ್ದಿ ಹುಮನಾಬಾದ್‌ನ ಪಾಸ್ಟರರನ್ನು ಮುಟ್ಟಿತು.

ಊರ ಚರ್ಚಿನಲ್ಲಿ ಅಪ್ಪನ ಹೆಸರಿನಲ್ಲಿ ಸ್ಮರಣೆಯ ಪ್ರಾರ್ಥನೆ ಇಟ್ಟುಕೊಂಡಿದ್ದೆವು. ಅಪ್ಪನ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳುತ್ತಾರೆಂದು ಅವ್ವ ಗಂಜಿ ಹಾಕಿದ ಬಿಳಿ ಸೀರೆ ಉಟ್ಟು ಮುಂದಿನ ಚಾಪೆಯಲ್ಲಿ ಕೂತಿದ್ದಳು. ಪಾಸ್ಟರರು ಅವತ್ತು ಆರಿಸಿಕೊಂಡ ಪಾಠ, ಬಾಗಿಲಲ್ಲಿ ಬಿದ್ದಿದ್ದ ಭಿಕ್ಷುಕನನ್ನು ಕಣ್ಣೆತ್ತಿ ನೋಡದ ಸಾಹುಕಾರನದು. ಇಬ್ಬರೂ ಸಾಯುತ್ತಾರೆ. ಭಿಕ್ಷುಕ ಸುಖದಲ್ಲಿರುತ್ತಾನೆ, ಸಾಹುಕಾರ ಉರಿಯಲ್ಲಿ ಬಿದ್ದು, ಬೆರಳ ತುದಿ ಅದ್ದಿ ನನ್ನ ನಾಲಗೆಗೆ ಒಂದಿಷ್ಟು ನೀರು ಮುಟ್ಟಿಸಲಿ ಎಂದು ಬೇಡುತ್ತಾನೆ. ನಡುವೆ ದೊಡ್ಡ ಕಂದಕ, ಯಾರೂ ದಾಟಿ ಬರಲಾಗದು, ನೀರು ಸಿಗುವುದಿಲ್ಲ. ಇದನ್ನು ಓದಿ ಮುಗಿಸಿ ಪಾಸ್ಟರರು ಧ್ವನಿ ಏರಿಸಿದರು. ನಮ್ಮ ಸಭೆಯಲ್ಲೂ ಸತ್ತವರಿಗೆ ನೀರಿಡುವವರಿದ್ದಾರೆ, ಆ ನೀರು ಕುಡಿಯಲು ಬರುವುದು ಸತ್ತವರಲ್ಲ, ದೆವ್ವ ಎಂದರು. ಹೆಸರು ಹೇಳಲಿಲ್ಲ. ಹೇಳುವ ಜರೂರತ್ತೂ ಇರಲಿಲ್ಲ, ಎಲ್ಲರ ಮುಖವೂ ಅವ್ವನ ಕಡೆಗೇ ತಿರುಗಿತ್ತು.

ಅವ್ವ ದೆವ್ವಕ್ಕೆ ಹೆದರಿದಳು ಎಂದುಕೊಂಡೆ. ಮನೆಗೆ ಬಂದ ಮೇಲೆ ಗೊತ್ತಾಯಿತು, ಅವಳ ಕಿವಿಗೆ ದೆವ್ವದ ಮಾತು ಬಿದ್ದೇ ಇರಲಿಲ್ಲ. ನನ್ನ ಮೊಣಕೈ ಹಿಡಿದುಕೊಂಡು ಅವಳು ಕೇಳಿದ್ದು ಇಷ್ಟೇ. “ನಾಲಗಿ ತೋಯೂವಷ್ಟು ಅಂತ ನಿಮ್ಮಪ್ಪನೂ ಕೇಳ್ಯಾನವಾ. ಹಂಗಾರ ಅಂವ ಅಲ್ಲೇ ಬೆಂಕ್ಯಾಗ ಅದಾನೇನ?”

ಅಯ್ಯೋ ದೇವರೇ, ಅಪ್ಪ ಎಲ್ಲಿಯ ಸಾಹುಕಾರ? ಅವನ ಬಾಗಿಲಲ್ಲಿ ಯಾವ ಭಿಕ್ಷುಕ ಹಸಿದು ಬಿದ್ದಿದ್ದ? ಎಷ್ಟು ಹೇಳಿದರೂ ಅವ್ವನ ತಲೆಗೆ ಹೋಗಲಿಲ್ಲ. ಅವಳು ಅಪ್ಪನ ಪಾಪಗಳನ್ನು ಹುಡುಕಲು ಕೂತಳು. ಹಬ್ಬಕ್ಕೊಮ್ಮೆ ಶೇಂದಿ ಕುಡಿಯುತ್ತಿದ್ದ. ಬೇಲಿಯ ವಿಷಯಕ್ಕೆ ಒಬ್ಬನ ಮೇಲೆ ಕೈ ಮಾಡಿದ್ದ. ತೊಗರಿ ರಾಶಿಯ ಕಾಲಕ್ಕೆ ಚರ್ಚು ತಪ್ಪಿಸುತ್ತಿದ್ದ. ಇಂಥವನ್ನೆಲ್ಲ ಪೋಣಿಸಿ, ಇಷ್ಟಕ್ಕೆ ನರಕ ಸಿಗುತ್ತದೇನು ಎಂದು ನನ್ನನ್ನು ಕೇಳುತ್ತಿದ್ದಳು. ಅಷ್ಟೇ ಆಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ನೀರು ಕುಡಿಯುವುದನ್ನೇ ಕಡಿಮೆ ಮಾಡಿದಳು. ಉರಿಬಿಸಿಲಲ್ಲಿ ಕಳೆ ತೆಗೆದು ಬಂದು, ಬಾಯಿ ಮುಕ್ಕಳಿಸಿ ಉಗುಳಿಬಿಡುವಳು. ತುಟಿ ಒಡೆದು ರಕ್ತ ಬಂದಿತ್ತು. ಬೈದೆ, ಕೂಗಾಡಿದೆ, ಕಣ್ಣೀರು ಹಾಕಿದೆ. ಅಂವಗ ಇಲ್ಲದ್ದು ನನಗ್ಯಾಕ ಎಂದು ಮುಖ ತಿರುಗಿಸಿದಳು. ಹೀಗೇ ಬಿಟ್ಟರೆ ಅವ್ವನೂ ಉಳಿಯುವುದಿಲ್ಲ ಎಂದು ನನಗೆ ಸ್ಪಷ್ಟವಾಗಿ ಕಂಡಿತು.

ಮುಂದಿನ ಭಾನುವಾರದ ತನಕ ಅಲ್ಲೇ ಉಳಿದು, ನಾನು ಚರ್ಚಿನ ಬಾಗಿಲಲ್ಲಿ ಪಾಸ್ಟರರನ್ನು ಅಡ್ಡಗಟ್ಟಿದೆ. ಅವರು ಅಕ್ಕಾ ಅಕ್ಕಾ ಎನ್ನುತ್ತ ಸಮಾಧಾನದ ದನಿ ತೆಗೆದರು. ಅದೊಂದು ದೃಷ್ಟಾಂತ, ಅಕ್ಷರಕ್ಕೆ ಅಕ್ಷರ ಹಿಡಿಯಬಾರದು ಎಂದರು. ನನ್ನ ಪಿತ್ತ ನೆತ್ತಿಗೇರಿತು. “ನೀವು ದೃಷ್ಟಾಂತ ಹೇಳಿ ಬೈಕ್ ಹತ್ತಿ ಹೋಗ್ತೀರಿ. ನಮ್ಮವ್ವ ನೀರ್ ಬಿಟ್ಟು ಸಾಯಾಕತ್ತಾಳ್ರಿ” ಎಂದೆ. ಸತ್ತವರು ನೀರು ಕುಡಿಯುವುದಿಲ್ಲವೆಂದರೆ ಆ ಸಾಹುಕಾರ ನೀರು ಕೇಳಿದ್ದು ಹೇಗೆ, ಅವನು ಕೇಳಿದ್ದು ಖರೆಯಾದರೆ ನಮ್ಮಪ್ಪನಿಗೆ ಇಟ್ಟ ನೀರು ದೆವ್ವದ ಪಾಲು ಹೇಗೆ, ಎರಡನ್ನೂ ಒಂದೇ ಬಾಯಿಂದ ಹೇಳಿದ್ದೀರಲ್ಲ ಎಂದು ಕೇಳಿದೆ. ಅವರ ಮುಖ ಕೆಂಪಗಾಯಿತು, ಕೈಯಲ್ಲಿದ್ದ ಬೈಬಲ್ಲಿನ ಪುಟ ತಿರುವತೊಡಗಿದರು. ಕೊನೆಗೆ ನಾನೇ ಹೇಳಿದೆ, ನನಗೆ ನಿಮ್ಮ ಉತ್ತರ ಬೇಡ, ಮನೆಗೆ ಬಂದು ಅಪ್ಪನಿಗೆ ನೀರಡಿಕೆ ಇಲ್ಲ ಎಂದು ಅವ್ವನಿಗೆ ನಿಮ್ಮ ಬಾಯಿಂದಲೇ ಹೇಳಿ, ಹೇಳದಿದ್ದರೆ ಇನ್ನೊಂದು ಭಾನುವಾರವೂ ಇಲ್ಲೇ ನಿಂತಿರುತ್ತೇನೆ.

ಬಂದರು. ಬರುವುದಿಲ್ಲ ಎಂದುಕೊಂಡಿದ್ದೆ, ಬಂದರು. ಅವ್ವ ಎದ್ದು ಚರಿಗೆ ನೀರು, ಬೆಲ್ಲ ತಂದು ಮುಂದಿಟ್ಟಳು. ಪೂರ್ತಿ ಕುಡಿದರು. ಸಭೆಯ ಮುಂದೆ ಹಾಗೆ ಮಾತಾಡಬಾರದಿತ್ತು ಎಂದು ಕೈ ಮುಗಿದರು. ಆ ಮನುಷ್ಯ ಅವತ್ತೂ ಕೆಟ್ಟವನಾಗಿಯೇ ಇದ್ದಿದ್ದರೆ ನನಗೆ ಎಷ್ಟು ಸಲೀಸಾಗುತ್ತಿತ್ತು!

ಅವ್ವ ನೆಲದ ಮೇಲೆ ಎದುರಿಗೆ ಕೂತಳು. ಕುಣಿಯ ಹತ್ತಿರ ಕೇಳಿದ್ದನ್ನು ಅವಳು ಒಂದಕ್ಷರ ಮರೆತಿರಲಿಲ್ಲ. “ಮೂರು ಇರ್ತಾವ ಅಂದ್ರಿ. ಶರೀರ, ಪ್ರಾಣ, ಆತ್ಮ. ನೀರಡಿಕಿ ಇದರಾಗ ಯಾರದ್ರಿ?”

ಪಾಸ್ಟರರು ಖಾಲಿ ಚರಿಗೆಯನ್ನು ಪಕ್ಕಕ್ಕಿಟ್ಟರು. ಆಮೇಲೆ, ಸಭೆಯಲ್ಲಿ ಏರಿಸಿದ ಆ ದನಿಯಲ್ಲಲ್ಲ, ಮನೆಯ ಮಗನ ದನಿಯಲ್ಲಿ ಹೇಳಿದರು. “ನೀರಡಿಕಿ ಶರೀರದ್ದವ್ವಾ. ಹಸಿವಿ, ನೋವು, ನೀರಡಿಕಿ, ಎಲ್ಲಾ ಶರೀರದ ಜೋಡಿನೇ ಮುಗೀತಾವ. ಅವ್ರು ದೇವ್ರ ಹತ್ರ ಅದಾರ. ಅವ್ರಿಗೆ ಇನ್ನ ಯಾವತ್ತೂ ನೀರಡಿಕಿ ಆಗೂದಿಲ್ಲ.” ಬೆಂಕಿಯ ಮಾತು ಅಪ್ಪನಿಗೆ ಸಂಬಂಧಿಸಿದ್ದಲ್ಲ ಎಂದು ಎದೆಯ ಮೇಲೆ ಕೈಯಿಟ್ಟು ಹೇಳಿದರು. ಖರೆನಾ ಎಂದು ಅವ್ವ ಮತ್ತೆ ಮತ್ತೆ ಕೇಳಿದಳು. ಖರೆ ಎಂದರು. ಪ್ರಾರ್ಥನೆ ಮಾಡಿ ಹೋದರು.

ಅವರ ಬೈಕಿನ ಸದ್ದು ಓಣಿ ದಾಟಿದ ಮೇಲೆ ಅವ್ವ ಒಳಗೆ ಹೋಗಿ ನಿಂತಲ್ಲೇ ಒಂದು ಚರಿಗೆ ನೀರು ಕುಡಿದಳು, ಪೂರ್ತಿ. ನನಗೆ ಗೆದ್ದಷ್ಟು ಸಂತೋಷವಾಯಿತು. ರೊಟ್ಟಿ ಬಡಿಯುತ್ತ, ನನ್ನ ಬಾಯಿ ಎಷ್ಟು ಕೆಲಸಕ್ಕೆ ಬಂತು ನೋಡು ಎಂದು ಜಂಬ ಕೊಚ್ಚಿಕೊಂಡೆ. ಹೊತ್ತು ಮುಳುಗಿತು. ಅವ್ವ ಚರಿಗೆಯನ್ನು ಬೂದಿ ಹಚ್ಚಿ ಬೆಳಗಿ, ತೊಳೆದು, ಉಳಿದ ಪಾತ್ರೆಗಳ ಜೊತೆ ಬೋರಲು ಹಾಕಿದಳು. ಕಟ್ಟೆ ಖಾಲಿ ಇತ್ತು. ಯಾಕೆ, ಇಡುವುದಿಲ್ಲವೇ ಎಂದೆ. ಇಡು, ಯಾವ ಪಾಸ್ಟರ್ ಏನಂದರೂ ನಾನಿದ್ದೇನೆ, ನಿನಗೇನು ಫಿಕರ್ ಎಂದು ಮತ್ತೆ ದನಿ ಏರಿಸಿದೆ.

“ಯಾರಿಗಿಡ್ಲಿ?” ಎಂದಳು ಅವ್ವ. “ನೀರಡಿಕಿ ಶರೀರದ್ದಂತ. ಆ ಶರೀರ ನನ್ನ ಮುಂದೇ ಮಲಗಿತ್ತು. ನಾ ಬಾಟ್ಲಿ ಮುಚ್ಚಿಟಗೊಂಡು ಕುಂತಿದ್ದೆ.”